ಅಣ್ಣನ ಡೋಸು ತಮ್ಮನಿಗಲ್ಲ

ಆ ಬೀದಿಯವರು ಮೊದಲು ಅವನನ್ನು ‘ಗುಂಡ’ ಎಂದು ಕರೆಯುತ್ತಿದ್ದರು. ಆಮೇಲೆ ಅವರೇ ಆ ಹೆಸರು ತೆಗೆದು ‘ಕಡ್ಡಿ’ ಎಂದಿಟ್ಟರು. ಕಟಿಂಗ್ ಅಂಗಡಿಯ ಕನ್ನಡಿ ಮುಂದೆ ನಿಂತು ಊರವರ ಮುಖವನ್ನೆಲ್ಲ ತಿದ್ದುತ್ತಿದ್ದ ಮನುಷ್ಯ, ತನ್ನ ಮುಖ ಇಳಿಯುತ್ತಿದ್ದುದನ್ನು ಎಲ್ಲರಿಗಿಂತ ಕಡೆಗೆ ನೋಡಿದ.

ಹೊಟ್ಟೆ ತುಂಬ ಉಣ್ಣುತ್ತಿದ್ದ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿಗೆ ಹಾಯುತ್ತಿತ್ತು. ಮುಂದಕ್ಕೆ ಬಗ್ಗಿ ಕೂತರೆ ತುಸು ಸಮಾಧಾನ. ಮಲ ಎಣ್ಣೆಎಣ್ಣೆಯಾಗಿ ತೇಲುತ್ತಿತ್ತು, ಎಷ್ಟು ನೀರು ಸುರಿದರೂ ಹೋಗುತ್ತಿರಲಿಲ್ಲ. ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುವುದು? ಹೆಂಡತಿಗೂ ಹೇಳದೆ ನುಂಗಿಕೊಂಡ.

ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು?

“ಕದ್ದು ಕುಡೀತಾನೆ, ಅದಕ್ಕೇ ಹೀಗೆ ಒಣಗಿದಾನೆ,” ಎಂದರು ಕೆಲವರು. ಅವನು ಹುಟ್ಟಿದಾಗಿನಿಂದ ಹೆಂಡದ ವಾಸನೆಯನ್ನೂ ಸಹಿಸಿದವನಲ್ಲ.

ಕೊನೆಗೆ ಬಾಯಾರಿಕೆ ಹೆಚ್ಚಿತು. ಒಬ್ಬರ ಗಡ್ಡ ಮುಗಿಸುವಷ್ಟರಲ್ಲಿ ಮೂತ್ರಕ್ಕೆ ಓಡಬೇಕಾಯಿತು. ಹೆಂಡತಿ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸ್ಕ್ಯಾನ್ ಮಾಡಿದ ಡಾಕ್ಟರು ಹೇಳಿದರು: “ನಿಮ್ಮ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳಿವೆ. ಬಹಳ ವರ್ಷದಿಂದ ಅದು ಒಳಗೊಳಗೇ ಹಾಳಾಗ್ತಾ ಬಂದಿದೆ. ಇನ್ಸುಲಿನ್ ತಯಾರಾಗೋದು ಅಲ್ಲೇ. ಅದಕ್ಕೇ ನಿಮಗೆ ಶುಗರ್ ಬಂದಿದೆ.”

“ನಾನು ಕುಡಿಯೋನಲ್ಲ ಸಾರ್,” ಎಂದ ಕಡ್ಡಿ, ಯಾರೂ ಕೇಳದಿದ್ದರೂ.

“ಕುಡಿಯೋರಿಗೆ ಮಾತ್ರ ಬರೋ ಕಾಯಿಲೆ ಅಲ್ಲ ಇದು. ಕುಡಿತ, ಸಿಗರೇಟು ಇದ್ದರೆ ಇನ್ನೂ ಬೇಗ ಕೆಡುತ್ತೆ, ಅಷ್ಟೇ,” ಎಂದರು ಡಾಕ್ಟರು.

ಇನ್ಸುಲಿನ್ ಸೂಜಿ ಬರೆದುಕೊಟ್ಟರು. ಊಟದ ಜೊತೆ ನುಂಗಲು, ಉಂಡದ್ದು ಜೀರ್ಣವಾಗುವ ಕ್ಯಾಪ್ಸೂಲ್ ಕೊಟ್ಟರು. ಮನೆಗೆ ಹೊರಡುವಾಗ ಶುಗರ್ ವಿಭಾಗದ ಸಿಸ್ಟರ್ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಆಕೆ ಬಟ್ಟೆ ಇಸ್ತ್ರಿ ಮಾಡುವವಳು. ಒಂದು ಮಡಿಕೆ ತಪ್ಪಿದರೂ ಬಿಚ್ಚಿ ಮತ್ತೆ ಮಡಿಸುವ ಸ್ವಭಾವ. ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಹಾಗೇ ಮಡಿಸಿ ಇಟ್ಟುಕೊಂಡಳು.

ಕಡ್ಡಿ ಮಾತ್ರ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. “ಕತ್ತಿ ಹಿಡಿಯೋ ಕೈಗೆ ಕಾಯಿಲೆ ಅಂತ ಗೊತ್ತಾದ್ರೆ ಯಾರು ಕತ್ತು ಕೊಡ್ತಾರೆ?” ಎನ್ನುವುದು ಅವನ ಹೆದರಿಕೆ.

ಈ ವಿಷಯ ಗೊತ್ತಿದ್ದ ಇನ್ನೊಬ್ಬನೆಂದರೆ ಅವನ ಅಣ್ಣ. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಮನೆಗೆ ಬಂದ ನೆಂಟರಿಗೂ “ಒಳಗ್ಹೋಗಿ, ಒಳಗ್ಹೋಗಿ, ಬಾಗಿಲಲ್ಲಿ ನಿಲ್ಬೇಡಿ” ಎನ್ನುವ ಗಂಟಲು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿ, ಕೈಗೆ ಕಸುಬು ಹಚ್ಚಿದವನು ಅವನೇ. ಅವನಿಗೂ ಬಹಳ ವರ್ಷದಿಂದ ಶುಗರ್ ಇತ್ತು. ಹಾಗಾಗಿ ಶುಗರಿನ ವಿಷಯದಲ್ಲಿ ತಾನೇ ಅರ್ಧ ಡಾಕ್ಟರೆಂದು ನಂಬಿದ್ದ.

ಒಂದು ಶನಿವಾರ ಸಂಜೆ ಕಂಡಕ್ಟರ್ ಬಂದಾಗ ಕಡ್ಡಿ ಬೆರಳು ಚುಚ್ಚಿ ಮೀಟರ್ ನೋಡುತ್ತಿದ್ದ. ಅಂಕಿ ಮೇಲಿತ್ತು. ಸೋಮವಾರ ಆಸ್ಪತ್ರೆಗೆ ಹೋಗಬೇಕಿತ್ತು. ಪರೀಕ್ಷೆ ಹತ್ತಿರ ಬಂದ ಹುಡುಗನಂತೆ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ.

“ಎಷ್ಟು ಚುಚ್ಕೋತಿದೀಯೋ?”

ಕಡ್ಡಿ ಹೇಳಿದ.

ಕಂಡಕ್ಟರ್ ಗಹಗಹಿಸಿ ನಕ್ಕ. “ಅದು ಇಲಿಗೆ ಕೊಡೋ ಡೋಸು! ನಾನು ಅದರ ನಾಲ್ಕರಷ್ಟು ತಗೋತೀನಿ. ನೋಡು ನನ್ನ, ಬಂಡೆ ಥರ ಇದೀನಿ.”

“ಡಾಕ್ಟರು ಬರೆದಿರೋದೇ ಇಷ್ಟು, ಅಣ್ಣ.”

“ಡಾಕ್ಟರಿಗೆ ನಿನ್ನಂಥೋರು ದಿನಕ್ಕೆ ನೂರು ಜನ. ನಂಗೆ ತಮ್ಮ ಅಂತ ಇರೋನು ನೀನೊಬ್ಬನೇ. ನಮ್ಮಪ್ಪನಿಗೂ ಶುಗರ್, ನಂಗೂ ಶುಗರ್, ಈಗ ನಿಂಗೂ. ಒಂದೇ ಮರದ ಕಾಯಿಗಳು ಕಣೋ ನಾವು. ನಂಗೆ ಹಿಡಿಯೋ ಔಷಧಿ ನಿಂಗೆ ಹಿಡಿಯಲ್ವಾ? ನಾಳೆಯಿಂದ ಎರಡರಷ್ಟು ಮಾಡು. ಊಟ ಕಮ್ಮಿ ಮಾಡು. ಸೋಮವಾರ ಡಾಕ್ಟರೇ ಬೆನ್ನು ತಟ್ಟಬೇಕು, ಹಂಗೆ ಇಳಿದಿರುತ್ತೆ.”

ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. “ಭಾವ, ಇವರದ್ದು ಬೇರೆ ಥರದ ಶುಗರ್ ಅಂದ್ರು ಸಿಸ್ಟರು. ನೀವಾಗೇ ಡೋಸು ಏರಿಸ್ಬೇಡಿ ಅಂತ ಒತ್ತಿ ಒತ್ತಿ ಹೇಳಿದಾರೆ.”

“ಶುಗರಲ್ಲಿ ಬೇರೆ ಥರ ಯಾವುದಮ್ಮ? ಹರಳು ಸಕ್ಕರೆ, ಪುಡಿ ಸಕ್ಕರೆ ಅಂತಲಾ?”

ಕಡ್ಡಿಗೂ ನಗು ಬಂತು. ಅವಳಿಗೆ ಬರಲಿಲ್ಲ.

ಕಂಡಕ್ಟರ್ ಮೇಜಿನ ಮೇಲಿದ್ದ ಕ್ಯಾಪ್ಸೂಲ್ ಡಬ್ಬಿಯನ್ನು ಅಲ್ಲಾಡಿಸಿದ. “ಇದೇನು, ಜೀರ್ಣಕ್ಕಾ? ಈ ವಯಸ್ಸಲ್ಲಿ ನಾನೇ ಕಲ್ಲು ತಿಂದು ಕರಗಿಸ್ಕೋತೀನಿ. ನಿಂಗ್ಯಾಕೋ ಇದು? ಬಿಡು ಅತ್ಲಾಗೆ.”

ಅವನು ಹೋದ ಮೇಲೆ ಅವಳು ಗಂಡನ ಎದುರು ಕೂತಳು. “ರೀ, ಬೇಡ. ನಂಗೆ ಭಯ ಆಗುತ್ತೆ.”

“ಅಣ್ಣ ನನ್ನ ಕೆಟ್ಟದ್ದಕ್ಕೆ ಹೇಳ್ತಾನೇನೇ? ಅವನ ಮಾತು ಯಾವತ್ತಾದ್ರೂ ಮೀರಿದೀನಾ?”

ಅವಳು ಎದ್ದು ಮತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿದಳು.

ಭಾನುವಾರ ಬೆಳಿಗ್ಗೆ ಹೆಂಡತಿ ನೀರು ಹಿಡಿಯಲು ಹೋಗಿದ್ದಾಗ ಕಡ್ಡಿ ಎರಡರಷ್ಟು ಇನ್ಸುಲಿನ್ ಚುಚ್ಚಿಕೊಂಡ. ಒಂದೇ ಒಂದು ತುಂಡು ಬ್ರೆಡ್ಡು ತಿಂದ. ಕ್ಯಾಪ್ಸೂಲ್ ನುಂಗಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಟರ್ ಎತ್ತಿದ.

ಭಾನುವಾರವೆಂದರೆ ಗಿರಾಕಿಗಳ ದಿನ. ಬೆಂಚು ತುಂಬಿತು. ಮೂರ್ನಾಲ್ಕು ತಲೆ ಮುಗಿಯುವಷ್ಟರಲ್ಲಿ ಕಂಡಕ್ಟರ್ ಬಂದು, ಸಾಲನ್ನು ಲೆಕ್ಕಿಸದೆ ಕುರ್ಚಿಯಲ್ಲಿ ಕೂತ. “ನಮ್ಮ ಪಾಸು ಇದೆ,” ಎಂದು ಬೆಂಚಿನವರಿಗೆ ಕಣ್ಣು ಹೊಡೆದ. ಕಡ್ಡಿ ಅವನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಮುಖಕ್ಕೆ ನೊರೆ ಹಚ್ಚಿದ. ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ.

“ಏರಿಸಿದ್ಯಾ?” ಎಂದು ಕಂಡಕ್ಟರ್ ಮೆಲ್ಲಗೆ ಕೇಳಿದ.

“ಬಾಯ್ಮುಚ್ಕೊಂಡು ಕೂತ್ಕೋ.”

ಬೆಂಚಿನವರು ತಲೆ ಎತ್ತಿದರು. ಅಣ್ಣನ ಎದುರು ಗಟ್ಟಿಯಾಗಿ ಕೆಮ್ಮದವನು ಕಡ್ಡಿ. ಕಂಡಕ್ಟರ್ ಕನ್ನಡಿಯಲ್ಲಿ ತಮ್ಮನ ಮುಖ ನೋಡಿದ. ಮುಖ ಬಿಳಿಚಿತ್ತು. ಹಣೆಯಿಂದ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು. ಕಣ್ಣುಗಳು ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

ಕತ್ತಿ ಅಣ್ಣನ ಗಂಟಲ ಮೇಲಿತ್ತು. ಕೈ ನಡುಗುತ್ತಿತ್ತು.

ಕಂಡಕ್ಟರ್ ಉಗುಳು ನುಂಗಲೂ ಹೆದರಿದ. ನುಂಗಿದರೆ ಗಂಟಲ ಉಬ್ಬು ಏರುತ್ತದೆ, ಏರಿದರೆ ಬ್ಲೇಡು. ತುಂಬಿದ ಬಸ್ಸಿನಲ್ಲಿ ಮೂಲೆ ಮೂಲೆಗೆ ಕೇಳುತ್ತಿದ್ದ ಅವನ ಗಂಟಲಿನಿಂದ ಈಗ ಸೊಲ್ಲೂ ಹೊರಡಲಿಲ್ಲ. ಬೆಂಚಿನಲ್ಲಿದ್ದ ಒಬ್ಬ ಏಳಲು ಹೋದ. ಪಕ್ಕದವನು ಅವನ ತೊಡೆ ಒತ್ತಿ ಹಿಡಿದ.

ಅಷ್ಟರಲ್ಲಿ ಒಗೆದ ಟವೆಲುಗಳನ್ನು ತಂದ ಹೆಂಡತಿ ಬಾಗಿಲಲ್ಲಿ ನಿಂತಳು. ಒಂದು ನೋಟದಲ್ಲಿ ಅವಳಿಗೆ ಎಲ್ಲ ತಿಳಿಯಿತು. ಕೂಗಲಿಲ್ಲ, ಓಡಲಿಲ್ಲ. ಮೆಲ್ಲಗೆ ನಡೆದು ಬಂದು ಗಂಡನ ಪಕ್ಕ ನಿಂತು, ಬಲಗೈ ಕೆಳಗೆ ಟವೆಲು ಹಿಡಿದಳು.

“ರೀ, ಕತ್ತಿ ಒರೆಸ್ಕೊಳ್ಳಿ. ನೊರೆ ಆಗಿದೆ.”

ಪ್ರತಿ ಸಲ ಹೆರೆದ ಮೇಲೆ ಕತ್ತಿ ಒರೆಸಿಕೊಳ್ಳುವುದು ಆ ಕೈಗೆ ಇಷ್ಟು ವರ್ಷದ ರೂಢಿ. ತಲೆಗೆ ತಿಳಿಯದಿದ್ದರೂ ಕೈಗೆ ತಿಳಿಯಿತು. ಕತ್ತಿ ಗಂಟಲು ಬಿಟ್ಟು ಟವೆಲಿನ ಮೇಲೆ ಬಂತು. ಅವಳು ಟವೆಲಿನ ಸಮೇತ ಅದನ್ನು ಮುಷ್ಟಿಯೊಳಗೆ ಹಿಡಿದು ಎಳೆದುಕೊಂಡಳು.

ಕಡ್ಡಿಯ ಮೊಣಕಾಲು ಮಡಿಚಿತು. ಬೆಂಚಿನವರು ಹಾರಿ ಬಂದು ಹಿಡಿದು ಕೂರಿಸಿದರು. ಅವಳು ಒಳಗೋಡಿ ಲೋಟದ ನೀರಿಗೆ ಮೂರು ದೊಡ್ಡ ಚಮಚ ಸಕ್ಕರೆ ಸುರಿದು ಕಲಸುತ್ತ ಬಂದಳು.

ಆಗ ಕಂಡಕ್ಟರಿಗೆ ಧ್ವನಿ ಬಂತು. ಅರ್ಧ ಮುಖ ನೊರೆ ಇರುವಂತೆಯೇ ಎದ್ದು ಅಡ್ಡ ನಿಂತ. “ಏನಮ್ಮ ಮಾಡ್ತಿದೀಯ? ಶುಗರ್ ಇರೋನಿಗೆ ಸಕ್ಕರೆ ಕುಡಿಸ್ತೀಯಾ? ಸಾಯಿಸ್ತೀಯಾ ಅವನನ್ನ?”

“ಭಾವ, ದಾರಿ ಬಿಡಿ.”

“ನಾನು ಬಿಡಲ್ಲ!”

“ಬಿಡಿ ಅಂದೆ!” ಮದುವೆಯಾಗಿ ಬಂದಾಗಿನಿಂದ ಅವಳು ಭಾವನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. “ಶುಗರ್ ಏರಿಲ್ಲ, ಪಾತಾಳಕ್ಕೆ ಇಳಿದಿದೆ. ಇನ್ನೂ ನುಂಗೋ ಶಕ್ತಿ ಇದೆ, ಅದೂ ಹೋಗೋದ್ರೊಳಗೆ ಕುಡಿಸ್ಬೇಕು!”

ತೋಳಿನಿಂದ ಅವನನ್ನು ತಳ್ಳಿ ಗಂಡನ ಮುಂದೆ ಕೂತಳು. ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಎದೆಯ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕಡ್ಡಿ ಕಣ್ಣು ಪಿಳುಕಿಸಿ, “ಎಲ್ಲಿದೀನಿ?” ಎಂದ. ಎಲ್ಲರೂ ಉಸಿರು ಬಿಟ್ಟರು.

ಅವಳು ಬಿಡಲಿಲ್ಲ. “ಎಷ್ಟು ಚುಚ್ಕೊಂಡ್ರಿ?” ಎಂದು ಕೇಳಿದಳು. ಅವನು ಅಣ್ಣನ ಕಡೆ ನೋಡಿದ. ಅಷ್ಟೇ ಸಾಕಾಯಿತು. “ಒಳಗಿರೋ ಸೂಜಿ ಔಷಧಿ ಇನ್ನೂ ಕೆಲಸ ಮಾಡ್ತಾನೇ ಇರುತ್ತೆ. ಮತ್ತೆ ಇಳಿಯುತ್ತೆ. ಆಸ್ಪತ್ರೆಗೆ ನಡೀರಿ.”

ಪಕ್ಕದ ಬೇಕರಿಯವನು ತನ್ನ ವ್ಯಾನ್ ತಂದ. ಖಾಲಿ ಟ್ರೇಗಳನ್ನು ಬದಿಗೆ ಸರಿಸಿ ಕಡ್ಡಿಯನ್ನು ಮಲಗಿಸಿದರು. ದಾರಿಯಲ್ಲೂ ಅವಳು ಸಕ್ಕರೆ ನೀರು ಕುಡಿಸುತ್ತಿದ್ದಳು. ಸೇತುವೆ ದಾಟುವಷ್ಟರಲ್ಲಿ ಅವನು ಮತ್ತೆ ಬೆವರಿದ. ಕುಡಿದದ್ದು ವಾಂತಿಯಾಗಿ ಹೊರಗೆ ಬಂತು. ಮಾತು ತೊದಲಿತು, ಆಮೇಲೆ ನಿಂತೇಹೋಯಿತು. ಕರೆದರೆ ಓಗೊಡಲಿಲ್ಲ. ಚಿವುಟಿದರೆ ಕಣ್ಣು ತೆರೆಯಲಿಲ್ಲ.

ಈಗ ಲೋಟ ಎತ್ತಿಕೊಂಡವನು ಕಂಡಕ್ಟರ್. “ಬಾಯಿ ತೆಗಿ ಕಂದಾ, ಕುಡಿ, ಕುಡಿ…”

ಅವಳು ಅವನ ಕೈ ಹಿಡಿದಳು. “ಬೇಡಿ ಭಾವ! ಪ್ರಜ್ಞೆ ಇಲ್ದೋರ ಬಾಯಿಗೆ ಏನೂ ಹಾಕ್ಬಾರ್ದು. ಉಸಿರಿನ ಕೊಳವೆಗೆ ಹೋಗಿಬಿಡುತ್ತೆ. ಪಕ್ಕಕ್ಕೆ ಹೊರಳಿಸಿ, ಕತ್ತು ಹೀಗೆ ಹಿಡ್ಕೊಳ್ಳಿ.”

ಅವಳು ಹೇಳಿದಂತೆಯೇ ಮಾಡಿದ. ತಮ್ಮನ ತಲೆಯನ್ನು ತೊಡೆಯ ಮೇಲೆ ಹಿಡಿದು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂತ. ಗಲ್ಲದ ಮೇಲಿನ ನೊರೆ ಒಣಗಿ ಉದುರುತ್ತಿತ್ತು. ಮುಂದೆ ಬೇಕರಿಯವನು ಹಾರ್ನ್ ಒತ್ತುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ತುರ್ತು ಕೋಣೆಗೆ ಒಯ್ದರು. ಮೀಟರ್ ನೋಡಿದ ಡಾಕ್ಟರು ಅಂಕಿಯನ್ನು ಗಟ್ಟಿಯಾಗಿ ಹೇಳಲಿಲ್ಲ. ನರಕ್ಕೆ ನೇರವಾಗಿ ಗ್ಲೂಕೋಸ್ ಏರಿಸಿದರು, ಬಾಟಲಿ ತೂಗುಹಾಕಿದರು. ಹೊರಗೆ ಅಣ್ಣ, ಹೆಂಡತಿ ಗೋಡೆಗೆ ಒರಗಿ ನಿಂತರು. ಅವಳು ಸೆರಗಿನ ತುದಿಯನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಕಂಡಕ್ಟರಿಗೆ.

ಕರೆದಾಗ ಇಬ್ಬರೂ ಒಳಗೋಡಿದರು. ಕಡ್ಡಿ ಕಣ್ಣು ತೆರೆದಿದ್ದ. ಅಣ್ಣನನ್ನು ನೋಡಿದ. ತುಂಬ ಹೊತ್ತು ನೋಡಿದ.

“ಯಾರಿವರು?” ಎಂದ.

ಕಂಡಕ್ಟರ್ ಮಂಚದ ಕಂಬಿ ಹಿಡಿದುಕೊಂಡ.

“ಸ್ವಲ್ಪ ಹೊತ್ತು ಬಿಡಿ. ಮಿದುಳಿಗೆ ಸಕ್ಕರೆ ಸಾಲದೆ ಹೀಗಾಗಿದೆ, ತಿಳಿಯಾಗ್ತಾರೆ,” ಎಂದರು ಅದೇ ಶುಗರ್ ವಿಭಾಗದ ಸಿಸ್ಟರ್. ಆ ಸ್ವಲ್ಪ ಹೊತ್ತು ಕಂಡಕ್ಟರಿಗೆ ಯುಗವಾಯಿತು. ಗೋಡೆಯ ಕಡೆ ತಿರುಗಿ ನಿಂತಿದ್ದ. ಹಿಂದಿನಿಂದ “ಅಣ್ಣ, ಗಡ್ಡ ಅರ್ಧಕ್ಕೇ ಬಿಟ್ಟಿದೀನಲ್ಲೋ” ಎಂಬ ಬಡಕಲು ಧ್ವನಿ ಕೇಳಿದಾಗ, ಆ ದೊಡ್ಡ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ.

ಸಿಸ್ಟರ್ ಸುಮ್ಮನಿರುವವರಲ್ಲ. “ಡೋಸು ಏರಿಸಿದ್ದು ಯಾರು?”

“ನಾನೇ ಹೇಳಿದ್ದು,” ಎಂದ ಕಂಡಕ್ಟರ್. “ಆದ್ರೂ ಸಿಸ್ಟರ್, ನಂಗೆ ಅರ್ಥ ಆಗ್ತಿಲ್ಲ. ಇವನ ನಾಲ್ಕರಷ್ಟು ಚುಚ್ಕೊಂಡ್ರೂ ನಂಗೆ ಏನೂ ಆಗಲ್ಲ. ಇವನು ನನ್ನ ಅರ್ಧ ತಗೊಂಡ್ರೆ ಸಾಯೋ ಹಂಗಾಗೋದು ಯಾಕೆ?”

“ಒಳ್ಳೇ ಪ್ರಶ್ನೆ ಯಜಮಾನ್ರೇ. ಚುಚ್ಚೋಕೆ ಮುಂಚೆ ಕೇಳಬೇಕಿತ್ತು.” ಸಿಸ್ಟರ್ ಸ್ಟೂಲ್ ಎಳೆದುಕೊಂಡು ಕೂತರು. “ನಮ್ಮ ಮೈಯ ಜೀವಕೋಶಗಳ ಮೇಲೆ ಇನ್ಸುಲಿನ್ ಬಂದು ಕೂರೋಕೆ ಜಾಗಗಳಿರ್ತವೆ. ಅವನ್ನ ಗ್ರಾಹಕ ಅಂತೀವಿ. ನಿಮ್ಮ ತಮ್ಮನ ಅಂಗಡಿಗೆ ಬರ್ತಾರಲ್ಲ ಗ್ರಾಹಕರು, ಅದೇ ಪದ. ಇನ್ಸುಲಿನ್ ಆ ಗ್ರಾಹಕಕ್ಕೆ ಅಂಟಿಕೊಂಡ್ರೇನೇ ರಕ್ತದಲ್ಲಿರೋ ಸಕ್ಕರೆ ಕೋಶದೊಳಕ್ಕೆ ಹೋಗೋದು.”

“ಸರಿ.”

“ನಿಮ್ಮದು ಸಾಮಾನ್ಯವಾಗಿ ಕಾಣೋ ಶುಗರ್. ಹೊಟ್ಟೆ ಬೇರೆ ಮುಂದೆ ಬಂದಿದೆ. ನಿಮ್ಮ ಮೈಯಲ್ಲಿ ಇನ್ಸುಲಿನ್ ಬಹಳ ವರ್ಷ ಜಾಸ್ತಿ ಓಡಾಡಿ ಓಡಾಡಿ, ಗ್ರಾಹಕಗಳು ಜಡ ಬಿದ್ದಿವೆ. ಕರೆದ್ರೂ ಏಳಲ್ಲ. ಅದಕ್ಕೇ ನಿಮಗೆ ದೊಡ್ಡ ಡೋಸು. ಇವರದ್ದು ಹಾಗಲ್ಲ. ಗ್ರಂಥಿ ಹಾಳಾಗಿ ಇನ್ಸುಲಿನ್ನೇ ಕಮ್ಮಿ. ಹಸಿದಿರೋ ಕೋಶಗಳು ಇದ್ದಬದ್ದ ಇನ್ಸುಲಿನ್ ಹಿಡ್ಕೊಳ್ಳೋಕೆ ಗ್ರಾಹಕಗಳನ್ನ ಹೆಚ್ಚು ಮಾಡ್ಕೊಂಡು ಕಾಯ್ತಿರ್ತವೆ. ಎಲ್ಲರಲ್ಲೂ ಒಂದೇ ಸಮ ಅಂತಲ್ಲ, ಆದ್ರೆ ಇಂಥ ಕಾಯಿಲೇಲಿ ಹೀಗಾಗೋದು ಉಂಟು. ಸ್ವಲ್ಪ ಇನ್ಸುಲಿನ್ ಬಂದ್ರೂ ಗಬಕ್ಕನೆ ಹಿಡೀತವೆ. ನೀವು ಎರಡರಷ್ಟು ಸುರಿದ್ರಿ.”

ಕಂಡಕ್ಟರ್ ತಲೆ ತಗ್ಗಿಸಿದ.

“ಇನ್ನೂ ಇದೆ, ಕೇಳಿ. ಶುಗರ್ ಇಳಿದಾಗ ಅದನ್ನ ಮೇಲೆತ್ತೋಕೆ ಇನ್ನೊಂದು ರಸ ಇದೆ, ಗ್ಲುಕಗಾನ್ ಅಂತ. ಲಿವರ್ರಿನಲ್ಲಿ ಕೂಡಿಟ್ಟಿರೋ ಸಕ್ಕರೇನ ಹೊರಗೆ ಬಿಡ್ಸೋದು ಅದೇ. ಅದೂ ತಯಾರಾಗೋದು ಇದೇ ಗ್ರಂಥೀಲಿ. ಗ್ರಂಥಿ ಕೆಟ್ಟರೆ ಅದೂ ಕೈ ಕೊಡುತ್ತೆ. ನಿಮಗೆ ಶುಗರ್ ಇಳಿದ್ರೆ ಒಳಗಿಂದ ಸಹಾಯ ಬರುತ್ತೆ. ಇವರಿಗೆ ಬರಲ್ಲ. ಬ್ರೇಕಿಲ್ಲದ ಬಸ್ಸು ಇಳಿಜಾರಲ್ಲಿ ಹೋದ ಹಾಗೆ. ಕಂಡಕ್ಟರ್ ಆಗಿದ್ದೋರು ಅಂದ್ರು ಈಯಮ್ಮ, ನಿಮಗೆ ಗೊತ್ತಲ್ಲ?”

“ಗೊತ್ತು,” ಎಂದ, ಕೇಳಿಸದ ಹಾಗೆ.

“ಕ್ಯಾಪ್ಸೂಲ್ ನುಂಗಿದ್ರಾ?” ಸಿಸ್ಟರ್ ಈಗ ಕಡ್ಡಿಯ ಕಡೆ ತಿರುಗಿದರು. ಅವನು ಇಲ್ಲವೆಂದು ತಲೆಯಾಡಿಸಿದ. “ಅದಿಲ್ದೆ ಉಂಡದ್ದು ಸರಿಯಾಗಿ ಅರಗಲ್ಲ, ರಕ್ತಕ್ಕೆ ಸೇರಲ್ಲ. ಸೂಜಿ ಮಾತ್ರ ತನ್ನ ಕೆಲಸ ಮಾಡುತ್ತೆ. ಊಟ, ಕ್ಯಾಪ್ಸೂಲು, ಸೂಜಿ, ಮೂರೂ ಜೊತೇಲಿರಬೇಕು. ಶುಗರ್ ಏರಿದ್ರೆ ನಮಗೆ ಬಂದು ಹೇಳಿ. ಬೈಯಲ್ಲ. ನೀವಾಗೇ ಏರಿಸ್ಬೇಡಿ, ಹೆದರಿಕೊಂಡು ನಿಲ್ಲಿಸ್ಲೂಬೇಡಿ.”

ಆಮೇಲೆ ಹೆಂಡತಿಯ ಭುಜ ಮುಟ್ಟಿ, “ಈಯಮ್ಮ ಹೇಳಿದ್ದನ್ನ ಕೇಳಿದ್ರೆ ಇವತ್ತು ಇಲ್ಲಿಗೆ ಬರೋ ಕೆಲಸಾನೇ ಇರ್ಲಿಲ್ಲ,” ಎಂದರು.

ಕಂಡಕ್ಟರ್ ಎದ್ದು ನಿಂತು, ತನಗಿಂತ ಎಷ್ಟೋ ಚಿಕ್ಕವಳಾದ ತಮ್ಮನ ಹೆಂಡತಿಗೆ ಹೇಳಿದ: “ತಪ್ಪಾಯ್ತು ಕಣಮ್ಮ. ಪ್ರೀತಿಯಿಂದ ಹೇಳ್ದೆ. ತಿಳೀದೆ ಹೇಳ್ದೆ. ಇನ್ನು ನೀನು ಹೇಳು, ನಾನು ಕೇಳ್ತೀನಿ. ಶುಗರ್ ಇಳಿಯೋದನ್ನ ಕಂಡುಹಿಡಿಯೋದು ಹೆಂಗೆ?”

ಅವಳು ಒಂದೊಂದಾಗಿ ಹೇಳಿದಳು. ಅವನು ಬಾಯಿಪಾಠ ಮಾಡಿದ.

ಕೆಲವು ವಾರ ಕಡ್ಡಿ ಕತ್ತಿ ಮುಟ್ಟಲಿಲ್ಲ. ಬರೀ ತಲೆಗೂದಲು ಕತ್ತರಿಸುತ್ತಿದ್ದ. ಡಾಕ್ಟರು ಡೋಸು ಸರಿಮಾಡಿದರು. ಊಟದ ಜೊತೆ ಕ್ಯಾಪ್ಸೂಲ್ ತಪ್ಪಲಿಲ್ಲ. ಹೊಟ್ಟೆಯ ತೊಂದರೆ ಕಡಿಮೆಯಾಯಿತು, ಕೆನ್ನೆಯಲ್ಲಿ ಸ್ವಲ್ಪ ಮಾಂಸ ಬಂತು. ದಿನಾ ಶಟರ್ ಎತ್ತುವ ಮುಂಚೆ ಮೀಟರ್ ನೋಡುವುದು ರೂಢಿಯಾಯಿತು. ಆಮೇಲೆ ಮತ್ತೆ ಗಡ್ಡಕ್ಕೂ ಕೈ ಹಾಕಿದ.

ಒಂದು ಮಧ್ಯಾಹ್ನ ಜನ ಹೆಚ್ಚಾಗಿ ಊಟ ತಡವಾಯಿತು. ಶಾಲೆಯ ಮೇಷ್ಟ್ರೊಬ್ಬರು ಕುರ್ಚಿಯಲ್ಲಿದ್ದರು, ಒಂದು ಕೆನ್ನೆ ಮುಗಿದಿತ್ತು. ಕಡ್ಡಿಗೆ ತುಟಿ ಜುಮ್ಮೆಂದಿತು. ಬೆರಳ ತುದಿ ಸಣ್ಣಗೆ ನಡುಗಿತು. ಮೊದಲಾಗಿದ್ದರೆ ಮುಚ್ಚಿಟ್ಟುಕೊಂಡು ಕೆಲಸ ಮುಗಿಸಲು ನೋಡುತ್ತಿದ್ದ. ಅವತ್ತು ಕತ್ತಿ ಕೆಳಗಿಟ್ಟ.

“ಮೇಷ್ಟ್ರೇ, ನಂಗೆ ಶುಗರ್ ಇದೆ. ಈಗ ಇಳೀತಿದೆ. ಸ್ವಲ್ಪ ಸಕ್ಕರೆ ತಿಂದು ಕೂತ್ಕೋತೀನಿ. ಸರಿಹೋದ ಮೇಲೆ ಇನ್ನೊಂದು ಕೆನ್ನೆ ಮಾಡ್ತೀನಿ. ಅವಸರ ಇದ್ರೆ ಹೇಳಿ.”

ಬೆಂಚಿನವರೆಲ್ಲ ಕೇಳಿಸಿಕೊಂಡರು. ಆ ಭಾನುವಾರದ ಸುದ್ದಿ ಬೀದಿಗೆಲ್ಲ ಗೊತ್ತಿದ್ದರೂ, ಕಡ್ಡಿಯೇ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಈಗ ಇವರೆಲ್ಲ ಎದ್ದು ಹೋಗುತ್ತಾರೆ ಎಂದುಕೊಂಡ.

ಮೇಷ್ಟ್ರು ಬಿಳಿ ಬಟ್ಟೆಯೊಳಗಿಂದ ಕೈ ತೆಗೆದು ಪಕ್ಕದ ಸ್ಟೂಲನ್ನು ಅವನ ಕಡೆ ಸರಿಸಿದರು. “ನಿಧಾನಕ್ಕೆ ಕೂತ್ಕೊಳ್ಳಪ್ಪ. ಅರ್ಧ ಗಡ್ಡದಲ್ಲಿ ನಾನು ಎಲ್ಲಿಗೆ ಓಡಿಹೋಗ್ಲಿ?”

ಬೆಂಚು ನಕ್ಕಿತು. ಯಾರೂ ಎದ್ದು ಹೋಗಲಿಲ್ಲ.

ಈಗ ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಉಂಡರೂ ಒಣಗುತ್ತಿದ್ದಾರೆಯೇ? ಹೊಟ್ಟೆನೋವು ಬೆನ್ನಿಗೆ ಹಾಯುತ್ತಿದೆಯೇ? ಮಲ ಎಣ್ಣೆಯಂತೆ ತೇಲುತ್ತಿದೆಯೇ? ನಾಚಿಕೆ ಪಡದೆ ಡಾಕ್ಟರಿಗೆ ಹೇಳಿ. ಶುಗರ್ ಇದ್ದರೆ, ಅದು ಯಾವ ಬಗೆಯದು, ಮೇದೋಜೀರಕದ ತೊಂದರೆಯಿಂದ ಬಂದದ್ದೇ ಎಂದು ಬಾಯಿಬಿಟ್ಟು ಕೇಳಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ಬಿಡಬೇಡಿ. ಬೆವರು, ನಡುಕ, ತೊದಲು, ಇದ್ದಕ್ಕಿದ್ದಂತೆ ಸಿಡುಕು ಕಂಡರೆ, ಎಚ್ಚರವಿದ್ದು ನುಂಗುವ ಹಾಗಿದ್ದರೆ ತಕ್ಷಣ ಸಕ್ಕರೆ ಕೊಡಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಕೊಡಿ. ಸರಿಹೋದ ಮೇಲೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಪಕ್ಕಕ್ಕೆ ಹೊರಳಿಸಿ, ಆಸ್ಪತ್ರೆಗೆ ಓಡಿ. ಇದನ್ನು ಕಾಯಿಲೆಯವರೊಬ್ಬರೇ ಕಲಿತರೆ ಸಾಲದು. ಆ ಹೊತ್ತಿನಲ್ಲಿ ಅವರಿಗೆ ತಾವು ಯಾರೆಂಬುದೇ ತಿಳಿದಿರುವುದಿಲ್ಲ. ಪಕ್ಕದಲ್ಲಿರುವ ನೀವು ಕಲಿಯಿರಿ.

ಒಡಹುಟ್ಟಿದವರಾದರೂ ಒಬ್ಬರ ಡೋಸನ್ನು ಇನ್ನೊಬ್ಬರು ಚುಚ್ಚಿಕೊಳ್ಳಬೇಡಿ, ಚುಚ್ಚಿಕೋ ಎಂದು ಹೇಳಲೂಬೇಡಿ.